ಫೋಟೋದಲ್ಲಿ ಎಲ್ಲಾ ನಾರ್ಮಲ್

ಅಫಜಲಪುರದಿಂದ ದತ್ತಕ್ಷೇತ್ರ ಗಾಣಗಾಪುರಕ್ಕೆ ಹೊರಟ ಹುಣ್ಣಿಮೆಯ ಬಸ್ಸಿನಲ್ಲಿ ನನ್ನ ಪಕ್ಕದ ತಾಯಿಯೊಬ್ಬಳು ಮಗನ ಮೆದುಳಿನ ಎಂ.ಆರ್.ಐ. ಹಾಳೆಗಳ ದೊಡ್ಡ ಲಕೋಟೆಯನ್ನು, ಮಡಿಕೆ ಬೀಳದಂತೆ, ಎರಡೂ ಕೈಗಳಿಂದ ಎದೆಗವಚಿಕೊಂಡು ಕುಳಿತಿದ್ದಳು. ಮಗನೋ, ನಮಗಾರಿಗೂ ಕೇಳಿಸದ ಯಾವುದೋ ದನಿಗೆ ಮೆಲ್ಲಗೆ ಉತ್ತರ ಕೊಡುತ್ತ ಕಿಟಕಿಯ ಸರಳಿಗೆ ಹಣೆಯಿಟ್ಟಿದ್ದನು. “ಫೋಟೋದಾಗ ಎಲ್ಲಾ ನಾರ್ಮಲ್ ಅದ ಅಂತ ಹೇಳ್ಯಾರ್ರಿ ಅಣ್ಣಾರ, ಅಂದಮ್ಯಾಲ ಇದು ಗಾಳಿನೇ ಅಲ್ಲೇನ್ರಿ?” ಎಂದು ಕೇಳಿದಳು. ಆಕೆಯ ತರ್ಕದಲ್ಲಿ ದೋಷವಿಲ್ಲ. ದೋಷವಿರುವುದು, ಸ್ಕಿಜೋಫ್ರೇನಿಯಾವನ್ನು ಚಿತ್ರದಲ್ಲಿ ಕಂಡುಹಿಡಿಯಬಹುದೆಂಬ ನಂಬಿಕೆಯನ್ನು ಆಕೆಗೆ ದುಡ್ಡಿಗೆ ಮಾರಿದವರಲ್ಲಿ.

ಶಾಸ್ತ್ರವು ಹೇಳುವುದಾದರೂ ಏನು? 1976ರಲ್ಲಿ ಈವ್ ಜಾನ್‌ಸ್ಟನ್, ಟಿಮ್ ಕ್ರೋ ಮೊದಲಾದವರು ಲಂಡನ್ನಿನಲ್ಲಿ 17 ಮಂದಿ ದೀರ್ಘರೋಗಿಗಳ ಸಿ.ಟಿ. ತೆಗೆದು, ಮೆದುಳಿನ ನಡುವಣ ದ್ರವಕುಹರಗಳು ಹಿಗ್ಗಿರುವುದನ್ನು ತೋರಿಸಿದ ಮೇಲೆ, ಅಶರೀರವಾಣಿಯನ್ನು ಕೇಳುವವರಲ್ಲಿ ಎಡಗಿವಿಯ ಮೇಲಣ ಮೆದುಳಿನ ಭಾಗ ತುಸು ಕೃಶವಾಗಿರುವುದೂ, ವಾಣಿ ಕೇಳಿಬರುವ ಹೊತ್ತಿಗೆ ಮಾತನ್ನು ರಚಿಸುವ ಬ್ರೋಕಾ ಪ್ರದೇಶಕ್ಕೆ ರಕ್ತ ಹೆಚ್ಚಾಗಿ ಹರಿಯುವುದೂ ಒಂದೊಂದಾಗಿ ಬೆಳಕಿಗೆ ಬಂದಿವೆ. ನಮ್ಮ ನಿಮ್ಹಾನ್ಸ್ ಕೂಡ ಈ ಶೋಧದಲ್ಲಿ ಹಿಂದುಳಿದಿಲ್ಲ. ಇವೆಲ್ಲ ಸತ್ಯವೇ, ಆದರೆ ಗುಂಪಿನ ಸರಾಸರಿಯ ಸತ್ಯ: ಎಷ್ಟೋ ರೋಗಿಗಳ ಮೆದುಳು ಆರೋಗ್ಯವಂತರ ಮೆದುಳಿನಂತೆಯೇ ಕಾಣುವುದು; ಕಂಡ ವ್ಯತ್ಯಾಸದಲ್ಲಿ ಔಷಧದ ಪಾಲೂ ಇರಬಹುದು. ಫಿಟ್ಸ್, ಜ್ವರ, ಬಿಡದ ತಲೆನೋವು ಜೊತೆಗಿದ್ದರೆ ಗಡ್ಡೆಯನ್ನೋ ಹುಳುವಿನ ಗಂಟನ್ನೋ ಹುಡುಕಲು ಸ್ಕ್ಯಾನ್ ಬೇಕೇಬೇಕು. ಅದನ್ನು ನಾನು ಅಲ್ಲಗಳೆಯೆನು.

ನನ್ನ ಜಗಳವಿರುವುದು, ಆಳಂದಕ್ಕೂ ಜೇವರ್ಗಿಗೂ ವೈದ್ಯನಿಗಿಂತ ಮೊದಲು ಯಂತ್ರ ಬರಲೆನ್ನುವವರೊಡನೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು, ನಾಲ್ಕಾರು ಔಷಧಗಳಿಂದಲೇ ಇಂಥವರನ್ನು ಊರಲ್ಲೇ ಉಪಚರಿಸಬಹುದೆಂದು ತೋರಿಸಿಕೊಟ್ಟರು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ ಇಂದು ಬಳಸುವ ‘ಐಡಿಯಾಸ್’ ಅಳತೆಗೋಲು ಸಹ ತಲೆಯ ಚಿತ್ರವನ್ನು ಬೇಡದು. ಅದು ನೋಡುವುದು ಸ್ನಾನ ಊಟಗಳನ್ನು ತಾನೇ ನಿಭಾಯಿಸುವನೇ, ನಾಲ್ವರೊಡನೆ ಬೆರೆಯುವನೇ, ಹೇಳಿದ್ದನ್ನು ತಿಳಿದು ಮಾತಾಡುವನೇ, ದುಡಿಯುವನೇ ಎಂಬುದನ್ನು. (ಆ ತಾಯಿ, ಯಾರೂ ಕೇಳದೆಯೇ, ಈ ನಾಲ್ಕಕ್ಕೂ ಬಸ್ಸಿನಲ್ಲಿ ಉತ್ತರ ಹೇಳಿಬಿಟ್ಟಿದ್ದಳು.) ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕೆಂಬ ‘ಮನೋಚೈತನ್ಯ’ ಯೋಜನೆ ರಾಜ್ಯದಲ್ಲಿರುವಾಗ, ಆ ಮಂಗಳವಾರ ತಪ್ಪದಂತೆಯೂ ಗುಳಿಗೆ ತೀರದಂತೆಯೂ ನೋಡಿಕೊಳ್ಳುವುದನ್ನು ಬಿಟ್ಟು ಯಂತ್ರದ ಜಪವೇಕೆ?

ಇಳಿಯುವ ಮುನ್ನ ಆಕೆಗೆ ಮಂಗಳವಾರದ ಸಂಗತಿಯನ್ನು ತಿಳಿಸಿ, ದತ್ತನ ಪಾದುಕೆಗೆ ಕೈಮುಗಿದೇ ಬನ್ನಿ ತಾಯಿ ಎಂದೂ ಹೇಳಿದೆನು. ಲಕೋಟೆಯನ್ನು ಮಗನ ಕೈಗೂ ಕೊಡದೆ ತಾನೇ ಹಿಡಿದಿಳಿದ ಆಕೆ ತಿರುಗಿ ನೋಡಿ, “ಅಲ್ಲಿಗೂ ಈ ಫೋಟೋ ಒಯ್ಯಬೇಕೇನ್ರಿ?” ಎಂದಳು.