ಗಾಳಿ ಸೇವನೆಗೂ ಬಸ್ ಹತ್ತಬೇಕೆ?

ಭಾನುವಾರ ಸಂಜೆ ಮಿರ್ಲೆ ಕಡೆಯವರು ಹೆಂಡತಿ ಮಕ್ಕಳ ಜೊತೆ ಗಾಳಿ ಸೇವನೆಗೆ ಹೋಗೋದೆಲ್ಲಿಗೆ? ಮಳೆಗಾಲವಾದರೆ ಚುಂಚನಕಟ್ಟೆ ಇದೆ. ಕಾವೇರಿ ಧುಮುಕೋದನ್ನು ನೋಡಿ, ಕೋದಂಡರಾಮನಿಗೆ ಕೈಮುಗಿದು, ಕಡ್ಲೇಕಾಯಿ ತಿಂದು ಬರಬಹುದು. ಬೇಸಿಗೆಯಲ್ಲಿ ಅಲ್ಲೂ ಬಂಡೆಯೇ ಹೆಚ್ಚು. ಕೆ.ಆರ್.ಎಸ್. ಬೃಂದಾವನವೆಂದರೆ ಬಸ್ ಚಾರ್ಜು, ಟಿಕೆಟ್ಟು, ತಿಂಡಿ ಕಾಫಿ ಸೇರಿ ಎರಡು ದಿನದ ಸಂಪಾದನೆಗೆ ಕತ್ತರಿ. ಇವೆರಡೂ ದಿನಾ ಹೋಗೋ ಜಾಗಗಳಲ್ಲ.

ಪಟ್ಟಣದ ಪಾರ್ಕುಗಳನ್ನು ಕಾಯೋಕೆ 1985ರ ಕಾಯ್ದೆ ಇದೆ. ಹಳ್ಳಿಗೆ? ಹಳ್ಳಿಗೂ ಪಾರ್ಕಿತ್ತು ಸ್ವಾಮಿ, ಹೆಸರು ಬೇರೆ: ಗುಂಡುತೋಪು, ಕೆರೆ ಏರಿ, ಅರಳಿಕಟ್ಟೆ. ಪಕ್ಕದ ಹೊಲದ ಬೇಲಿ ವರ್ಷಕ್ಕೊಂದು ಮಾರು ಸರಿದು ತೋಪನ್ನು ನುಂಗೋದು ಯಾವ ಹಳ್ಳಿಗೂ ಹೊಸ ಸುದ್ದಿಯಲ್ಲ. ನುಂಗಿದವರು ಊರಿನವರೇ ಆದಾಗ ಬಾಯಿ ಬಿಡೋರು ಯಾರು?

ಊರೊಟ್ಟಿನ ಜಾಗದ ಒತ್ತುವರಿ ತೆರವು ಮಾಡಿಸಿ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಎಲ್ಲ ರಾಜ್ಯಗಳಿಗೂ ಹೇಳಿದೆ. ಹೊಸ ಪಾರ್ಕು, ಲಕ್ಷಗಟ್ಟಲೆ ಅಂದಾಜುಪಟ್ಟಿ ಬೇಕಿಲ್ಲ. ಪಹಣಿಯಲ್ಲಿ ತೋಪು ಅಂತಿರೋ ಜಾಗವನ್ನು ಸರ್ವೆಯವರು ಅಳೆದು ಹದ್ದುಬಸ್ತು ಮಾಡಲಿ. ಪಂಚಾಯ್ತಿ ನಾಲ್ಕು ಹೊಂಗೆ ನೆಟ್ಟು ಎರಡು ಕಲ್ಲುಬೆಂಚು ಹಾಕಲಿ. ಅಂಗಡಿ ಬಾಗಿಲು ಹಾಕಿದ ಮೇಲೆ ಅರ್ಧ ಗಂಟೆ ಕೂರೋಕೆ ಅಷ್ಟು ಸಾಕು.