ಹಳೆಯ ಕತ್ತಿಗೆ ಹೊಸ ಹಿಡಿ

ಕೊಡಗಿನ ಬೆಟ್ಟದಲ್ಲಿ ಹುಟ್ಟಿದ ಕಾವೇರಿಯ ನೀರನ್ನು ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಬಳಸುತ್ತವೆ. ಬಳಸಿ ಬಿಟ್ಟ ನೀರು ವೃಷಭಾವತಿಯನ್ನು ಸೇರಿ, ಕೆಂಗೇರಿಯನ್ನು ದಾಟಿ, ಅರ್ಕಾವತಿಯೊಡನೆ ಸಂಗಮದಲ್ಲಿ ಮತ್ತೆ ಕಾವೇರಿಗೇ ಬೀಳುತ್ತದೆ. ಇಂತಹ ಕಣಿವೆಯಲ್ಲಿ ಮಳೆ ಸುರಿದಾಗ ಎಷ್ಟು ನೀರು ಹರಿದೀತು, ಕಾಲುವೆಗೆ ಕಾಂಕ್ರೀಟು ಕಟ್ಟಿದರೆ ಏನಾದೀತು ಎಂಬುದನ್ನು ಇಂದು ಗಣಕಯಂತ್ರ ಹೇಳುತ್ತದೆ. ಆ ಲೆಕ್ಕವನ್ನು ಪರೀಕ್ಷಿಸುವ ಅವಕಾಶ ನದಿಯ ಮೇಲಿನವರಿಗೂ ಕೆಳಗಿನವರಿಗೂ ಇರಬೇಡವೇ?

ಈ ಲೆಕ್ಕದ ಉಪಕರಣಗಳು ಹೊಸವಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗಾಗಿ 1971ರಲ್ಲಿ ರೂಪುಗೊಂಡ ಮಳೆನೀರಿನ ಮಾದರಿ ‘ಸ್ವಿಮ್’ ಮೊದಲು ಫೋರ್ಟ್ರಾನ್ ಭಾಷೆಯಲ್ಲಿತ್ತು. ಅದರ ಐದನೆಯ ಆವೃತ್ತಿಯನ್ನು ಸಿ ಭಾಷೆಯಲ್ಲಿ ಪುನಃ ಬರೆಯಲಾಯಿತು. ‘ಪೈಸ್ವಿಮ್’ ಎಂಬ ಹೊದಿಕೆಯ ಮೂಲಕ ಇಂದು ಅದನ್ನು ಪೈಥಾನ್‌ನಿಂದಲೇ ನಡೆಸಬಹುದು. ಫೋರ್ಟ್ರಾನ್‌ನಲ್ಲೇ ಉಳಿದ ಹಳೆಯ ಲೆಕ್ಕಗಳಿಗೆ ಪಿಯಾರು ಪೀಟರ್ಸನ್ 1999ರಲ್ಲಿ ಆರಂಭಿಸಿದ ‘ಎಫ್‌ಟುಪೈ’ ಇದೆ. ಅದು ಹಳೆಯ ಬರಹವನ್ನು ಓದಿ, ನಡುವಣ ಸೇತುವೆಯನ್ನು ತಾನೇ ಬರೆದು, ಪೈಥಾನ್ ಕರೆಯಬಲ್ಲ ಘಟಕವನ್ನು ಕಟ್ಟಿಕೊಡುತ್ತದೆ. ಅಲಗು ಗಟ್ಟಿಯಿದ್ದರೆ ನಾವು ಕತ್ತಿಯನ್ನು ಎಸೆಯುವುದಿಲ್ಲ, ಹಿಡಿಯನ್ನು ಬದಲಿಸುತ್ತೇವೆ. ಹಾಗೆ ಹಿಡಿ ಹಾಕಿದಾಗ ಕಾಲೇಜಿನ ಹುಡುಗಿಯೊಬ್ಬಳು ದೊಡ್ಡ ಕಚೇರಿಯ ಲೆಕ್ಕವನ್ನು ತನ್ನ ಮೇಜಿನ ಮೇಲೆಯೇ ಪುನಃ ಮಾಡಿ ನೋಡಬಲ್ಲಳು.

ಆದರೆ ಎಚ್ಚರ ಬೇಕು. ಹಳೆಯ ಫೋರ್ಟ್ರಾನ್ ಅನೇಕ ಅಂಕಿಗಳನ್ನು ‘ಕಾಮನ್’ ಎಂಬ ಹಂಚಿಕೆಯ ಕಣಜದಲ್ಲಿ ಇಡುತ್ತದೆ. ಒಂದು ಲೆಕ್ಕ ಮುಗಿದೊಡನೆ ಕ್ರಮವಿಧಿಯೇ ನಿಲ್ಲುತ್ತಿದ್ದ ಕಾಲದಲ್ಲಿ ಇದರಿಂದ ತೊಡಕಿರಲಿಲ್ಲ. ಪೈಥಾನ್‌ನೊಳಗೆ ಅದನ್ನೇ ಮತ್ತೆ ಮತ್ತೆ ಕರೆದಾಗ, ಮೊದಲ ಹಳ್ಳದ ಅಂಕಿ ಎರಡನೆಯ ಹಳ್ಳದ ಲೆಕ್ಕದಲ್ಲಿ ಉಳಿದುಬಿಡಬಹುದು. ಯಂತ್ರ ದೂರುವುದಿಲ್ಲ, ಉತ್ತರ ಮಾತ್ರ ತಪ್ಪಿರುತ್ತದೆ. ಆದುದರಿಂದ ಹೊದಿಕೆ ಹಾಕುವವರು ಹಳೆಯ ಉದಾಹರಣೆಗಳನ್ನೂ ಅವುಗಳ ತಿಳಿದ ಉತ್ತರಗಳನ್ನೂ ಜೊತೆಗಿಡಬೇಕು; ಒಂದೇ ಲೆಕ್ಕವನ್ನು ಎರಡು ಬಾರಿ ನಡೆಸಿ ತಾಳೆ ನೋಡಬೇಕು.

ನಮ್ಮ ಬೇಡಿಕೆ ಸರಳವಾದುದು. ಕಾಲುವೆಯಾಗಲಿ, ಅಣೆಕಟ್ಟಾಗಲಿ, ನದಿ ತಿರುವು ಯೋಜನೆಯಾಗಲಿ, ವರದಿಯ ಕೊನೆಯ ಅಂಕಿಯೊಂದನ್ನೇ ಜನರ ಮುಂದಿಟ್ಟರೆ ಸಾಲದು. ಯಾವ ಮಾದರಿ, ಯಾವ ಮಳೆಯ ಅಂಕಿ, ಯಾವ ಊಹೆ ಎಂಬುದೂ ಪ್ರಕಟವಾಗಬೇಕು. ವಿದ್ಯಾರ್ಥಿ ಮಿತ್ರರು ಈ ಹೊದಿಕೆಗಳನ್ನು ಕಲಿಯಲಿ. ಹಳ್ಳಿಯ ಹಿರಿಯರು ತಮ್ಮ ತೋಟದ ಮಳೆಯ ಲೆಕ್ಕವನ್ನು ಬರೆದಿಡಲಿ. ಎರಡೂ ಕೂಡಿದ ದಿನ, ನಮ್ಮ ನೀರಿನ ಲೆಕ್ಕವನ್ನು ನಾವೇ ಕೇಳಬಲ್ಲೆವು.