ಅರ್ಥಿಂಗ್ ತಂತಿಯಲ್ಲಿ ಉಳಿತಾಯ ಬೇಡ

ಖೋಲಿಗೆ ಹೊಸದಾಗಿ ವಯರಿಂಗ್ ಮಾಡಿಸುವಾಗ ನಮ್ಮವರು ಯಾವ ಫ್ಯಾನು, ಯಾವ ಸ್ವಿಚ್ಚು ಎಂದು ಲೋಹಾರ್ ಚಾಳದ ಅಂಗಡಿಗಳನ್ನೆಲ್ಲ ಸುತ್ತಿ ವಿಚಾರಿಸುತ್ತಾರೆ. ಹಸುರು ತಂತಿಯ ಸರದಿ ಬಂದಾಗ ಮಾತ್ರ, “ಇದರಲ್ಲಿ ಕರೆಂಟು ಹರಿಯುವುದೇ ಇಲ್ಲ, ಸಪೂರದ್ದು ಸಾಕು” ಎಂದು ವಾಯರ್‌ಮನ್ ಹೇಳಿದರೆ, ನಾಲ್ಕು ಕಾಸು ಉಳಿಯಿತೆಂದು ಹೂಂಗುಟ್ಟುತ್ತಾರೆ. ಮೂರು ತಂತಿಗಳ ಪೈಕಿ ಉಳಿತಾಯ ಮಾಡಲೇಬಾರದ ತಂತಿ ಅದೇ ಎಂಬುದು ನನ್ನ ವಾದ.

ದಿನನಿತ್ಯ ಅದರಲ್ಲಿ ಕರೆಂಟು ಹರಿಯುವುದಿಲ್ಲವೆಂಬುದು ಸುಳ್ಳಲ್ಲ. ಆದರೆ ಹೋಟೆಲಿನ ಹಿಂಭಾಗದಲ್ಲಿ ಇಡ್ಲಿಹಿಟ್ಟು ರುಬ್ಬುವ ಗ್ರೈಂಡರನ್ನು ಕಣ್ಣಮುಂದೆ ತಂದುಕೊಳ್ಳಿರಿ. ಉಕ್ಕಿನ ಮೈ, ಸುತ್ತಲೂ ನೀರು. ಎದುರಿಗೆ ನಿಂತವನು ಬರಿಗಾಲಿನವನು, ಅವನ ಕೈ ಒದ್ದೆ. ಮೋಟಾರಿನೊಳಗೆ ತಂತಿಯ ಹೊದಿಕೆ ಸವೆದು ಫೇಸು ಮೈಗೆ ತಾಗಿತೆನ್ನಿ. ಅರ್ಥಿಂಗ್ ಇಲ್ಲದ ಪಕ್ಷದಲ್ಲಿ 230 ವೋಲ್ಟು ಆ ಉಕ್ಕಿನ ಮೇಲೆ ಸುಮ್ಮನೆ ಕಾದು ಕುಳಿತಿರುತ್ತದೆ. ಯಂತ್ರ ಎಂದಿನಂತೆಯೇ ತಿರುಗುತ್ತಿರುತ್ತದೆ, ಯಾರಿಗೂ ಸುಳಿವು ಸಿಗುವುದಿಲ್ಲ. ಒದ್ದೆ ಮೈಯ ತಡೆಯನ್ನು ಸಾವಿರ ಓಮ್ ಎಂದು ಹಿಡಿದರೆ, ಮುಟ್ಟಿದವನ ಮೈಯಲ್ಲಿ 230 ಮಿಲಿಆಂಪಿಯರ್ ಹರಿಯುತ್ತದೆ. ಮನುಷ್ಯನ ಪ್ರಾಣಕ್ಕೆ ಅದು ಧಾರಾಳ ಸಾಕು. 16 ಆಂಪಿಯರಿನ ಫ್ಯೂಸಿಗೆ ಅದು ಸೊಳ್ಳೆ ಕಚ್ಚಿದಷ್ಟೂ ಅಲ್ಲ. ಹುಡುಗ ಬಿದ್ದರೂ ಫ್ಯೂಸು ಬೀಳುವುದಿಲ್ಲ.

ಫ್ಯೂಸನ್ನು ಬೀಳಿಸುವುದೇ ಅರ್ಥಿಂಗ್ ತಂತಿಯ ಕೆಲಸ. ವರ್ಷಗಟ್ಟಲೆ ಸುಮ್ಮನಿದ್ದು, ಆ ಒಂದು ಕ್ಷಣದಲ್ಲಿ ನೂರಾರು ಆಂಪಿಯರುಗಳನ್ನು ಅದು ಹೊತ್ತೊಯ್ಯಬೇಕು. ಈಗ ಬಹಳ ಕಡೆ ಹಾಕುವ ಸಿ ವರ್ಗದ 16 ಆಂಪಿಯರ್ ಎಂ.ಸಿ.ಬಿ. ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳಬೇಕಾದರೆ 80ರಿಂದ 160 ಆಂಪಿಯರ್ ಬೇಕು. 230ನ್ನು 160ರಿಂದ ಭಾಗಿಸಿ ನೋಡಿರಿ: ಹೋಗಿಬರುವ ಇಡೀ ದಾರಿಯ ತಡೆ ಸುಮಾರು 1.4 ಓಮ್ ದಾಟಿದರೆ ಆ ಭರವಸೆ ಇಲ್ಲ. ಸಪೂರ ತಂತಿ, ಕೈಯಲ್ಲಿ ತಿರುಚಿ ಟೇಪು ಸುತ್ತಿದ ಎರಡು ಗಂಟು, ತುಕ್ಕು ಹಿಡಿದ ಒಂದು ಸ್ಕ್ರೂ ಸೇರಿದರೆ ಆ ಮಿತಿ ದಾಟುವುದು ಕಷ್ಟವಲ್ಲ.

ಇನ್ನೊಂದು ಸಂಗತಿಯಿದೆ, ಅದನ್ನು ವಾಯರ್‌ಮನ್ನರೂ ಅಪರೂಪಕ್ಕೆ ಹೇಳುತ್ತಾರೆ. ಫ್ಯೂಸು ಬೀಳುವವರೆಗಿನ ಕ್ಷಣದಲ್ಲಿ ಯಂತ್ರದ ಮೈಮೇಲೆ ಎಷ್ಟು ವೋಲ್ಟು ನಿಲ್ಲುತ್ತದೆಂಬುದೂ ಈ ತಂತಿಯ ಗಾತ್ರವನ್ನೇ ಅವಲಂಬಿಸಿದೆ. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ 20 ಮೀಟರಿಗೆ ಸುಮಾರು 0.15 ಓಮ್, 1 ಚದರ ಮಿಲಿಮೀಟರಿನದು ಅಷ್ಟೇ ಉದ್ದಕ್ಕೆ 0.36 ಓಮ್. ಹೊರಗಿನ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಫೇಸು ಮತ್ತು ಅರ್ಥಿಂಗ್ ಸಮಾನವಾಗಿದ್ದಾಗ ಮೈಮೇಲೆ ಅರ್ಧ, ಅಂದರೆ 115 ವೋಲ್ಟು. ಅರ್ಥಿಂಗಿಗೆ ಸಪೂರದ್ದನ್ನು ಹಾಕಿದರೆ ಅದು 160ನ್ನು ದಾಟುತ್ತದೆ. ಉಳಿಸಿದ ತಾಮ್ರದ ಬೆಲೆಯನ್ನು ಮುಟ್ಟಿದವನ ಮೈ ತೆರುತ್ತದೆ.

ಭಾರತೀಯ ಮಾನಕದಲ್ಲಿ, ಅರ್ಥಿಂಗಿಗೆಂದೇ ಇರುವ ಐ.ಎಸ್. 3043ರಲ್ಲಿ, ಇದಕ್ಕೊಂದು ಸರಳ ಪಟ್ಟಿಯಿದೆ. ಫೇಸು ತಂತಿ 16 ಚದರ ಮಿಲಿಮೀಟರಿನವರೆಗೆ ಎಷ್ಟಿದೆಯೋ ಅರ್ಥಿಂಗ್ ತಂತಿಯೂ ಅಷ್ಟೇ. 16ರಿಂದ 35ರವರೆಗೆ 16. ಅದಕ್ಕೂ ಮೇಲ್ಪಟ್ಟರೆ ಅರ್ಧ. ನಮ್ಮ ಮನೆಯೊಳಗಿನ ಲೈನುಗಳಲ್ಲಿ 16ನ್ನು ದಾಟುವ ಪ್ರಶ್ನೆಯೇ ಇಲ್ಲ. ಆದ್ದರಿಂದ ನೆನಪಿಡಬೇಕಾದ ಮಾತು ಒಂದೇ: ಸರಿಸಮ. ದೀಪದ ಲೈನಿಗೆ 1.5 ಎಳೆದರೆ ಅರ್ಥಿಂಗ್ 1.5, ಗೀಸರು, ಗ್ರೈಂಡರುಗಳ 16 ಆಂಪಿಯರ್ ಸಾಕೆಟ್ಟಿಗೆ 2.5 ಆದರೆ 2.5, ಏರ್‌ಕಂಡೀಷನರಿಗೆ 4 ಆದರೆ 4. ಹಳೆಯ ಕಟ್ಟಡಗಳಲ್ಲಿ ಗೋಡೆಯ ಮೇಲೆ ಬರಿದಾಗಿ ಓಡುವ 14 ನಂಬರಿನ ತಾಮ್ರದ ತಂತಿಯನ್ನು ನೀವು ನೋಡಿರಬಹುದು. ಅದು 3.2 ಚದರ ಮಿಲಿಮೀಟರಿಗೂ ತುಸು ಹೆಚ್ಚು. ಗಟ್ಟಿಯಾಗಿದ್ದರೆ, ಎಲ್ಲೂ ತುಂಡಾಗಿಲ್ಲದಿದ್ದರೆ, ಅದನ್ನು ಹಳತೆಂದು ಕಿತ್ತು ಸಪೂರ ಹಸುರು ತಂತಿ ಹಾಕಿಸಿಕೊಳ್ಳುವುದು ಜಾಣತನವಲ್ಲ.

“ಬ್ರಿಟನ್ನಿನಲ್ಲಿ 2.5ರ ಕೇಬಲಿನೊಳಗೆ 1.5ರ ಅರ್ಥ್ ತಂತಿಯೇ ಬರುತ್ತದಲ್ಲ?” ಎಂದು ಬಲ್ಲವರು ಕೇಳಬಹುದು. ನಿಜ. ಲೆಕ್ಕದ ಸೂತ್ರ ಹಿಡಿದು ಹೋದರೆ ಇನ್ನೂ ಸಣ್ಣದೂ ಸಾಕೆಂದು ಬರುವುದುಂಟು. ಆದರೆ ಆ ಸೂತ್ರ ನಿಂತಿರುವುದು, ಬ್ರೇಕರು ಸೆಕೆಂಡಿನ ಸಣ್ಣ ಭಾಗದಲ್ಲಿ ಬಿದ್ದೇ ಬೀಳುತ್ತದೆಂಬ ನಂಬಿಕೆಯ ಮೇಲೆ. ಸುಟ್ಟ ಫ್ಯೂಸಿಗೆ ಮೂರೆಳೆ ದಪ್ಪ ತಂತಿ ಸುತ್ತಿ “ಇನ್ನು ಹಾರುವುದಿಲ್ಲ” ಎಂದು ಬೀಗುವವರ ನಡುವೆ ನಾವಿದ್ದೇವೆ. ಅಂಥಲ್ಲಿ ಸೂತ್ರದ ಕೊನೆಯ ಅಂಚಿಗೆ ಹೋಗಿ ನಿಲ್ಲುವ ಧೈರ್ಯ ನನಗಿಲ್ಲ.

ತಂತಿ ದಪ್ಪಗಿದ್ದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದೂ ಅಲ್ಲ. ಅದರ ಇನ್ನೊಂದು ತುದಿ ಎಲ್ಲಿಗೆ ಹೋಗಿದೆ? ಅನೇಕ ಚಾಳುಗಳಲ್ಲಿ ಅದನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಕಟ್ಟಿರುತ್ತಾರೆ. ನಡುವೆ ಎಲ್ಲಾದರೂ ಒಂದು ತುಂಡು ಪ್ಲಾಸ್ಟಿಕ್ ಪೈಪು ಸೇರಿದ ದಿನವೇ ಅರ್ಥಿಂಗ್ ಸತ್ತಿತು. ನಿಮ್ಮ ಗೀಸರಿನ ದೋಷಕ್ಕೆ ನೆರೆಮನೆಯಾಕೆ ನಲ್ಲಿ ಮುಟ್ಟಿ ಹೊಡೆಸಿಕೊಳ್ಳುವಂತಾಯಿತು. ಇದಕ್ಕಿಂತಲೂ ಕೇಡಿನದು, ಸಾಕೆಟ್ಟಿನೊಳಗೆ ನ್ಯೂಟ್ರಲಿನಿಂದ ಅರ್ಥಿಂಗಿಗೆ ಒಂದು ತುಂಡು ತಂತಿ ಹಾಕುವುದು. ಟೆಸ್ಟರಿಗೆ, ಬಲ್ಬಿಗೆ ಎಲ್ಲವೂ ಸರಿಯೆಂದೇ ಕಾಣುತ್ತದೆ. ಎಲ್ಲಾದರೂ ನ್ಯೂಟ್ರಲು ಕಡಿದ ಗಳಿಗೆಯಲ್ಲಿ, ದೋಷವೇ ಇಲ್ಲದ ಫ್ರಿಜ್ಜಿನ ಮೈಗೂ ಫೇಸು ಬಂದು ನಿಲ್ಲುತ್ತದೆ.

ನೆಲದಲ್ಲಿ ಹೂತ ಕಂಬಿಯನ್ನಷ್ಟೇ ನಂಬಿದ ಕಡೆ ಮಣ್ಣಿನ ತಡೆಯೇ ಎಂಟು ಹತ್ತು ಓಮ್ ಇರುವುದುಂಟು. ಎಂಟು ಎಂದರೆ ಹರಿಯುವುದು 29 ಆಂಪಿಯರಿಗಿಂತ ಕಡಿಮೆ. 16 ಆಂಪಿಯರಿನ ಎಂ.ಸಿ.ಬಿ. ಅದಕ್ಕೆ ಕೂಡಲೇ ಬೀಳುವುದಿಲ್ಲ, ತಂತಿ ಎಷ್ಟೇ ದಪ್ಪಗಿರಲಿ. ಅಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಆರ್.ಸಿ.ಸಿ.ಬಿ. ಬೇಕೇ ಬೇಕು. ಅದಿದ್ದರೆ ಅರ್ಥಿಂಗ್ ತಂತಿ ಬೇಡವೆಂದಲ್ಲ. ತಂತಿಯಿದ್ದರೆ ದೋಷ ಹುಟ್ಟಿದೊಡನೆಯೇ ಅದು ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ ಬೀಳುತ್ತದೆ.

ಗಿರಣಿಯಲ್ಲಿ ದುಡಿದ ಹಿರಿಯರಿಗೆ ಒಂದು ಮಾತು ನೆನಪಿರಬಹುದು. ಪ್ರತಿಯೊಂದು ಮೋಟಾರಿನ ಚೌಕಟ್ಟಿಗೂ ಎರಡು ಬೇರೆಬೇರೆ ಅರ್ಥಿಂಗ್ ಜೋಡಣೆ ಇರಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ವಿಧಿಸಿದ್ದವು. 1982ರ ಮುಷ್ಕರದ ತರುವಾಯ ಆ ಗಿರಣಿಗಳಲ್ಲಿ ಹೆಚ್ಚಿನವು ಒಂದೊಂದಾಗಿ ಮುಚ್ಚಿಹೋದವು. ಯಂತ್ರಕ್ಕೆ ಎರಡು ತಂತಿ ಕೊಟ್ಟಿದ್ದ ಕಾಲದಲ್ಲಿ, ಅದನ್ನು ನಡೆಸುತ್ತಿದ್ದವನ ಖೋಲಿಗೆ ಒಂದೂ ಇರದಿದ್ದರೆ ಅದನ್ನು ಕೇಳುವವರಿರಲಿಲ್ಲ. ಇಂದಿಗೂ ಗಲ್ಲೆಯ ಮೇಲಿನ ಏರ್‌ಕಂಡೀಷನರಿಗೆ ಸರಿಯಾದ ತಂತಿ ಎಳೆಸುವ ಮಾಲಿಕರು, ಹುಡುಗರು ಮಲಗುವ ಅಟ್ಟದ ಮೇಲೆ ಎರಡು ಕಾಲಿನ ಪ್ಲಗ್ಗು, ಜೋತಾಡುವ ಬೋರ್ಡು ಬಿಟ್ಟುಬಿಡುತ್ತಾರೆ. ಸಂಬಳ, ರಜೆಗಳ ಬೇಡಿಕೆಯ ಪಟ್ಟಿಯಲ್ಲಿ ಗ್ರೈಂಡರಿನ ಅರ್ಥಿಂಗೂ ಒಂದು ಕಲಮಾಗಿ ಬರಬೇಕೆಂದು ನಾನು ಹೇಳುತ್ತೇನೆ. ಅದು ದಯೆಯ ಮಾತಲ್ಲ, ಕಾನೂನಿನ ಮಾತು.

ಖೋಲಿಯವರಿಗೂ ಕಾನೂನಿನ ಆಸರೆಯಿದೆ. ವಿದ್ಯುತ್ ಒದಗಿಸುವವರು ಗ್ರಾಹಕನ ಜಾಗದಲ್ಲಿ, ಕರೆಂಟು ಒಳಬರುವ ಎಡೆಯಲ್ಲಿ, ಕೈಗೆಟಕುವಂತೆ ಒಂದು ಅರ್ಥಿಂಗ್ ಟರ್ಮಿನಲನ್ನು ಒದಗಿಸಬೇಕೆಂದು 1956ರ ನಿಯಮಗಳೇ ಹೇಳಿದ್ದವು. 2010ರ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಾವಳಿಯೂ ಅದನ್ನು ಉಳಿಸಿಕೊಂಡಿತು. ನಿಮ್ಮ ಚಾಳಿನ ಮೀಟರಿನ ಬಳಿ ಅದು ಇದೆಯೇ ಎಂದು ಈ ಭಾನುವಾರ ನೋಡಿರಿ. ಇಲ್ಲದಿದ್ದರೆ ಹತ್ತು ಖೋಲಿಯವರು ಕೂಡಿ, ಗ್ರಾಹಕ ನಂಬರುಗಳನ್ನು ಕಾಣಿಸಿ ಒಂದೇ ಅರ್ಜಿ ಬರೆಯಿರಿ. ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಅದನ್ನು ಜೋಪಾನವಾಗಿಡಿರಿ.